ಕೈತಾನ ಕೇಳಬೇಕಾದ ಕ್ಷಮೆ

"ಅಂಕೋಲೆಯಿಂದ ಹುಬ್ಬಳ್ಳಿ ತನಕ ಲಾರಿಯನ್ನ ರಿವರ್ಸ್ ಗೇರಿನಲ್ಲೇ ಹೊಡ್ದಂವ ನಾನು," ಎನ್ನುತ್ತ ಕೈತಾನ ಶವಪೆಟ್ಟಿಗೆಯ ತಲೆಭಾಗವನ್ನು ಗೋಡೆಯ ಕಡೆಗೆ ಇನ್ನೊಂದು ಗೇಣು ಸರಿಸಿದ. "ಅರಬೈಲು ಘಟ್ಟಾನೂ ಹಿಂದ್‌ಮುಂದಾಗೇ ಹತ್ತಿದ್ದು. ಬಾಜೂಕೆ ಕೂತ ಜುಜೆ ಕೈಯಲ್ಲಿ ತುಂಬಿದ ಚಾ. ಒಂದು ಹನಿ ಚೆಲ್ಲಿದ್ರೆ ಅವನ್ನೇ ಕೇಳಿ."

"ಹೆಂಗೆ ಕೇಳೂದು ಮಾರಾಯ," ಪಕ್ಕದ ಮನೆಯ ಜಟ್ಟಪ್ಪ ಪೆಟ್ಟಿಗೆಯೊಳಗಿನ ಜುಜೆಯ ಮುಖ ನೋಡಿದ. "ನಿನ್ನ ಸಾಕ್ಷಿ ಮಲಗಿಬಿಟ್ನಲ್ಲ."

ಯಲ್ಲಾಪುರ ಪೂರ್ತಿ, ಸಿರ್ಸಿಯ ಮುಕ್ಕಾಲು ಊರು ಹನ್ನೆರಡಡಿಯ ಆ ಕೋಣೆಯಲ್ಲಿ ತುರುಕಿಕೊಂಡಿತ್ತು. ಎಲ್ಲರೂ ಉಸಿರನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬಂದಂತಿದ್ದರು. ಪೆಟ್ಟಿಗೆ ಸರಿಸುವ ಉಮೇದಿನಲ್ಲಿ ಕೈತಾನ ತನ್ನನ್ನು ತಾನೇ ಮೂಲೆಗೆ ಹಾಕಿಕೊಂಡಿದ್ದ. ಹಿಂದೆ ಗೋಡೆ, ಮುಂದೆ ಜುಜೆ.

"ಭಾವ," ಜುಜೆಯ ಹೆಂಡತಿ ನತಾಲಿನ ಕರೆದಳು. "ಎತ್ತೂ ಮುಂಚೆ ಕ್ಷಮೆ ನೀವೇ ಕೇಳ್ಬೇಕು."

ಪೆಟ್ಟಿಗೆ ಹೊಸ್ತಿಲು ದಾಟುವ ಮೊದಲು ಸತ್ತವರ ಪರವಾಗಿ ಹತ್ತಿರದವರೊಬ್ಬರು ನಿಂತು, ಇವರಿಂದ ಯಾರಿಗಾದರೂ ನೋವಾಗಿದ್ದರೆ ಏಸುವಿನ ಹೆಸರಿನಲ್ಲಿ ಮನ್ನಿಸಿ ಎಂದು ಕೇಳುವುದು ಇಲ್ಲಿಯ ಕ್ರೈಸ್ತರಲ್ಲಿ ರೂಢಿ. ಜುಜೆಗೆ ಮಕ್ಕಳಿರಲಿಲ್ಲ. ಇದ್ದವನು ಈ ಒಬ್ಬ ಗೆಳೆಯ.

"ನಂಗೆ ಗಂಟ್ಲು ಕಟ್ಟಿದೆ ನತಾಲಿನ."

"ನಿನ್ನ ಗಂಟ್ಲು ಕಟ್ಟಿದ್ರೆ ಕಾಳಿ ನದಿನೂ ಕಟ್ಟೀತು," ಎಂದ ಜಟ್ಟಪ್ಪ.

"ಹೆಸರು ಹಿಡಿದೇ ಕೇಳಿ ಭಾವ," ನತಾಲಿನ ದನಿ ತಗ್ಗಿಸಿದಳು. "ದೇವಕ್ಕನೂ ಬಂದಾಳೆ. ಅವಳ ಗಂಡನ ಜೀವ ತೆಗೆದಂವ ಅನ್ನೂ ಮಾತು ಇವರ ಸಂಗಡ ಗುಂಡಿಗೆ ಹೋಗೂದು ಬ್ಯಾಡ."

ಕೈತಾನ ಬಾಗಿಲು ನೋಡಿದ. ಹೊಸ್ತಿಲ ಮೇಲೆ, ಅತ್ತಿತ್ತ ಜಾಗ ಬಿಡದೆ, ದೇವಕ್ಕ ನಿಂತಿದ್ದಳು.

*

ಇಪ್ಪತ್ತೆರಡು ವರ್ಷಗಳ ಹಿಂದೆ ಮಂಚಿಕೇರಿ ರಸ್ತೆಯ ತಿರುವಿನಲ್ಲಿ, ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ದೇವಕ್ಕನ ಗಂಡ, ಕೆರಿಯ ಎಂಬವನು, ಇವರ ಲಾರಿಯ ಅಡಿಗೆ ಸಿಕ್ಕಿದ. ಸ್ಟೇರಿಂಗ್ ಮುಂದೆ ಕೂತಿದ್ದವನು ಕೈತಾನ. ಜುಜೆ ಬರೀ ಕ್ಲೀನರು.

"ನಿನ್ನ ಹೆಂಡ್ತಿ ಇವತ್ತೋ ನಾಳೆಯೋ ಹಡೀತಾಳೆ," ಎಂದಿದ್ದ ಜುಜೆ, ಪೊಲೀಸರು ಬರುವ ಮೊದಲು. "ನಂಗೆ ಮದುವೇನೇ ಆಗಿಲ್ಲ. ಗಾಡಿ ಹೊಡೀತಿದ್ದಂವ ನಾನು. ತಿಳೀತಾ?"

ಏಳು ತಾಲೂಕಿಗೆ ಸಾಲುವಷ್ಟು ಮಾತಿದ್ದ ಕೈತಾನನಿಗೆ 'ಬೇಡ' ಎಂಬ ಎರಡಕ್ಷರ ಸಿಗಲಿಲ್ಲ. ಜುಜೆ ಒಂದೂವರೆ ವರ್ಷ ಜೈಲಿನಲ್ಲಿದ್ದ. ಬಂದ ಮೇಲೆ ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ದೇವಕ್ಕನ ಮನೆಯ ಮಾಡು ಹತ್ತಿ ಹಂಚು ಸರಿಮಾಡಿ ಬರುತ್ತಿದ್ದ. ಕೈತಾನ ಮಾತ್ರ ಆ ತಿರುವು ತಪ್ಪಿಸಲು ಭೂಪ್ರದಕ್ಷಿಣೆಯನ್ನೇ ಹಾಕುತ್ತಿದ್ದ.

*

ಫಾದರ್ ಪ್ರಾರ್ಥನೆ ಮುಗಿಸಿ ಪುಸ್ತಕ ಮಡಚಿದರು. ಜಟ್ಟಪ್ಪನಿಗೆ ಸುಮ್ಮನಿರಲು ಬರುವುದಿಲ್ಲ.

"ಫಾದರ್, ಒಂದು ಅನುಮಾನ. ಏಸು ಸತ್ತದ್ದು ಎಲ್ಲರ ಪಾಪಕ್ಕೂ ಅಂದ್ರಲ್ಲ. ಅದ್ರಲ್ಲಿ ನಾನೂ ಬಂದೆನಾ?"

"ಬಂದೆ."

"ಹಂಗಾದ್ರೆ ಎಲ್ಲಾ ಮುಗೀತಲ್ಲ. ನಾವು ಮಾಡೂದು ಇನ್ನೆಂತ ಉಳೀತು?"

ಫಾದರ್ ಅವನ ಕಡೆ ತಿರುಗಿದರು. "ನಿನ್ನ ಹೊರೆ ಬೇರೆಯವ್ರು ಹೊತ್ರು ಅಂತಿಟ್ಕೋ ಜಟ್ಟಪ್ಪ. ಆ ಹೊರೆ ನಂದು ಅಂತ ನೀನು ಒಪ್ಕೊಳ್ಳದೇ ಹೋದ್ರೆ, ಹೊತ್ತಂವ ನಿನ್ನ ಪಾಲಿಗೆ ಬರೇ ಕೂಲಿಯಾಳು."

ಕೈತಾನನ ಬೆನ್ನ ಹಿಂದಿನ ಗೋಡೆ ಒಂದು ಮೊಳ ಮುಂದೆ ಬಂತು.

"ಹೂಂ, ಕೇಳಿ ಭಾವ," ಎಂದಳು ನತಾಲಿನ.

ಅವನು ಕೆಮ್ಮಿದ. "ನಮ್ಮ ಜುಜೆ... ಮನುಷ್ಯ ಅಂದ್ಮೇಲೆ ತಪ್ಪು ಇದ್ದದ್ದೇ. ದೇವಕ್ಕ, ಅವನಿಂದ ನಿಂಗೆ ಆದ ಅನ್ಯಾಯ..."

"ಅವನಿಂದ ನಂಗೆ ಎಂತ ಅನ್ಯಾಯ ಆಗಿದೆ?"

"ಅದೇ... ಕೆರಿಯಣ್ಣನ..."

"ಕೈತಾನ," ದೇವಕ್ಕ ನಿಂತಲ್ಲಿಂದ ಕದಲಲಿಲ್ಲ. "ಅವತ್ತು ಹತ್ತು ಮಾರು ಹಿಂದೆ ನಾನೂ ಹೊರೆ ಹೊತ್ತು ಬರ್ತಿದ್ದೆ. ಸ್ಟೇರಿಂಗ್ ಕಡೆ ಬಾಗ್ಲಿಂದ ಇಳಿದಂವ ಯಾರಂತ ಕಂಡಿದ್ದೆ. ಜುಜೆ ಒಪ್ಕಂಡ ಅಂತ ಕೋರ್ಟಲ್ಲಿ ನನ್ನ ಯಾರೂ ಕೇಳ್ಲೇ ಇಲ್ಲ. ಅಂವ ಜೈಲಿಂದ ಬಂದ್ಮೇಲೆ ನಾನೇ ಕೇಳ್ದೆ. 'ಅವನೇ ಒಂದಿನ ಬರ್ತಾನೆ ಅಕ್ಕ, ಅಲ್ಲೀತನಕ ಬಿಡು' ಅಂದ. ಬಿಟ್ಟೆ. ಇಲ್ಲೀತನಕ ನೀ ಬರ್ಲಿಲ್ಲ."

ಇದಾವುದರ ಸುಳಿವೂ ಇರದಿದ್ದ ನತಾಲಿನಳ ಕೈ ಪೆಟ್ಟಿಗೆಯ ಅಂಚಿನಲ್ಲಿ ನಿಂತಿತು. "ಭಾವ?"

ಕೈತಾನನ ಬಾಯಲ್ಲಿ ಹನ್ನೊಂದು ಕತೆಗಳು ತಯಾರಾಗಿ ಬಂದವು. ಒಂದೂ ಹಲ್ಲು ದಾಟಲಿಲ್ಲ.

"ನಾನೇ ಹೊಡೀತಿದ್ದೆ," ಎಂದ. "ಜುಜೆಗೆ ಕರಡಿ ಕತೆ ಹೇಳ್ತಿದ್ದೆ. ನಾನು ಬರಿಗೈಯಲ್ಲಿ ಹಿಡಿದ ಕರಡಿ. ಅದು ಎಷ್ಟಗಲ ಇತ್ತು ಅಂತ ತೋರ್ಸೂಕೆ ಸ್ಟೇರಿಂಗ್ ಬಿಟ್ಟೆ. ಎರಡೂ ಕೈ."



"ಕರಡಿ?" ಎಂದಳು ದೇವಕ್ಕ.

"ಕರಡಿ ಇರ್ಲಿಲ್ಲ."

ದೇವಕ್ಕ ಕೇಳಿದಳು: "ಎಷ್ಟಗಲ ತೋರ್ಸಿದ್ದೆ?"

ಕೈತಾನ ತೋಳು ಎತ್ತಿದ. ಬಲಗೈ ಗೋಡೆಗೆ ತಾಗಿತು, ಎಡಗೈ ಜಟ್ಟಪ್ಪನ ಭುಜ ದಾಟಿತು. ಇಳಿಸು ಎಂದು ಯಾರೂ ಹೇಳಲಿಲ್ಲ. ಜುಜೆಯ ಪೆಟ್ಟಿಗೆಯ ಮೇಲೆ ಎರಡೂ ಕೈ ಚಾಚಿಕೊಂಡು, ಅವನು ಹಾಗೆಯೇ ನಿಂತಿದ್ದ.