ಹೇಂಟೆ ಕೂತ ಒಲೆ

ಬಿಜೂರಿನ ರತೀಶನ ಮನೆಯಲ್ಲಿ ಹಳೆಯ ವಸ್ತುವೊಂದನ್ನು ಹುಡುಕುವ ಕೆಲಸ ಶುರುವಾದದ್ದು ಇದ್ದಬದ್ದ ಹಳೆಯದನ್ನೆಲ್ಲ ಗುಜರಿಗೆ ಹಾಕಿ ಮುಗಿಸಿದ ಮೇಲೆ. ಹಂಚಿನ ಮನೆ ಕೆಡವಿ ಸ್ಲ್ಯಾಬ್ ಹಾಕಿಸುವಾಗ ಕಂಬ, ಬಾಗಿಲು, ಅಜ್ಜಿಯ ಮರದ ಪೆಟ್ಟಿಗೆ ಎಲ್ಲವೂ ಒಂದೇ ಲಾರಿಯಲ್ಲಿ ಹೋಗಿದ್ದವು. ಈಗ ಅದೇ ಸ್ಲ್ಯಾಬಿನ ಮೇಲೆ ಹಂಚಿನ ಆಕಾರದ ತಗಡು ಹೊದೆಸಿ ಹೋಂಸ್ಟೇ ಮಾಡಿದ್ದ. ಬರೀ ಹೋಂಸ್ಟೇಗೆ ಒಂದು ದರ, ಹೆರಿಟೇಜ್ ಹೋಂಸ್ಟೇಗೆ ಅದರ ದುಪ್ಪಟ್ಟು. ಹೆರಿಟೇಜ್ ಅನ್ನಿಸಿಕೊಳ್ಳಲು ಒಂದಾದರೂ ಪುರಾತನ ವಸ್ತು ಬೇಕು, ಅದನ್ನು ಮಂಗಳೂರಿನ ಪ್ರವಾಸ ಕಂಪೆನಿಯ ಶರಣ್ಯಾ ಬಂದು ನೋಡಿ ಒಪ್ಪಬೇಕು.

ಉಳಿದದ್ದು ಒಂದೇ. ತೀರಾ ಭಾರವೆಂದು ಗುಜರಿಯವನೂ ದನದ ಹಟ್ಟಿಯ ಮೂಲೆಯಲ್ಲಿ ಬಿಟ್ಟುಹೋಗಿದ್ದ ಎರಕದ ಕಬ್ಬಿಣದ ಒಂದು ಆಕೃತಿ. ಸೊಂಟದೆತ್ತರ, ಪೀಪಾಯಿಯಂತೆ ದುಂಡು, ಹುಲಿಯ ಪಾದದಂಥ ನಾಲ್ಕು ಕಾಲು, ಮೇಲೊಂದು ಕೆಳಗೊಂದು ಬಾಗಿಲು, ಬಾಗಿಲ ತುಂಬ ಬಳ್ಳಿಯ ಉಬ್ಬುಚಿತ್ರ, ನೆತ್ತಿಯಲ್ಲಿ ಕೊಳವೆ ಸಿಕ್ಕಿಸುವ ತೂತು. ರತೀಶನ ತಾಯಿ ನಾಗು ಮದುವೆಯಾಗಿ ಬಂದಾಗಲೂ ಅದು ಅಲ್ಲೇ ಇತ್ತು. ಅದೇನೆಂದು ಆಕೆ ಯಾರನ್ನೂ ಕೇಳಲಿಲ್ಲ. ಮೇಲಿನ ಗೂಡಿಗೆ ಬೈಹುಲ್ಲು ಹಾಸಿ ಕೋಳಿ ಕಾವಿಗೆ ಕೂರಿಸಿದಳು. ಕಬ್ಬಿಣದ ಬಾಗಿಲಾದ್ದರಿಂದ ಹಾವಿನ ಭಯವೂ ಇಲ್ಲ, ಕಾಡುಬೆಕ್ಕಿನ ಭಯವೂ ಇಲ್ಲ.

ಈಗಲೂ ಅದರೊಳಗೆ ಕೆಂಪು ಹೇಂಟೆಯೊಂದು ಕೂತಿತ್ತು. ನಾಗುವಿನ ಗಂಡ, ರತೀಶನ ಅಪ್ಪ ಕುಷ್ಟ, ಸಾಯುವ ತನಕ ತೊಡೆಯ ಮೇಲಿಟ್ಟು ಸಾಕಿದ ಹುಂಜವನ್ನು ಈಚೆಗಷ್ಟೇ ಕಾಡುಬೆಕ್ಕು ಒಯ್ದಿತ್ತು. ಹೇಂಟೆಯ ಅಡಿಯಲ್ಲಿದ್ದದ್ದು ಆ ಹುಂಜದಿಂದಾದ ಕಡೆಯ ಮೊಟ್ಟೆಗಳು.

ರತೀಶ ಕುಂದಾಪುರದಿಂದ ನಿವೃತ್ತ ಇತಿಹಾಸದ ಮಾಸ್ತರರಾದ ಭೋಜರಾಜರನ್ನು ಕಾರಿನಲ್ಲಿ ಕರೆತಂದ. ಬಸ್ರೂರಿನ ಚರಿತ್ರೆಯ ಮೇಲೆ ಪುಸ್ತಕ ಬರೆದವರು. ಅವರ ಕಣ್ಣಿಗೆ ಬಿದ್ದ ಯಾವ ಕಲ್ಲೂ ಇದುವರೆಗೆ ಬರೀ ಕಲ್ಲಾಗಿ ಉಳಿದಿಲ್ಲ.

ಭೋಜರಾಜರು ಒಂದು ಸುತ್ತು ಬಂದು ಹೇಳಿದರು: "ಇದು ಒಲೆ. ಇಂಧನ ಕಲ್ಲಿದ್ದಲು. ಕೆಳಗಿನ ಜಾಲರಿ ಗಮನಿಸಿ. ಸೌದೆಯ ಒಲೆಗೆ ಇಷ್ಟು ಕಿರಿದಾದ ಬಾಯಿ ಇರುವುದಿಲ್ಲ."

ಅಲ್ಲಿಗೆ ನಿಲ್ಲಿಸಿದ್ದರೆ ಅವರ ಅಂದಿನ ಮಾತೆಲ್ಲ ನಿಜವಾಗಿರುತ್ತಿತ್ತು.

"ಎಲ್ಲಿಯದು, ಯಾವ ಕಾಲದ್ದು ಎಂಬುದಕ್ಕೆ ಒಳಗೋಡೆಯಲ್ಲಿ ಅಕ್ಷರಗಳು ಇರಲೇಬೇಕು," ಎನ್ನುತ್ತ ಮೇಲಿನ ಬಾಗಿಲು ತೆರೆದು ಕೈ ಹಾಕಿದರು. "ಅಯ್ಯಬ್ಬೋ! ಕುಟ್ಟಿತ್ ಕಾಣಿ! ಬೆರಳೇ ಹೋಯ್ತ್ ಮಾರ್ರೆ!"

ಜೀವಮಾನವಿಡೀ ಗ್ರಂಥದ ಭಾಷೆಯಲ್ಲೇ ಪಾಠ ಮಾಡಿದವರನ್ನು ಒಂದು ಕೋಳಿ ಒಂದೇ ಕುಟುಕಿಗೆ ಊರಿಗೆ ಮರಳಿಸಿತು.

"ಹ್ವಾಯ್ ಮಾಷ್ಟ್ರೇ, ಬಾಣಂತಿ ಕೋಣಿಗೆ ಕೈ ಹಾಕ್ರೆ ಯಾರ್ ಸುಮ್ನಿರ್ತ್ರ್?" ನಾಗು ಹಟ್ಟಿಯ ಬಾಗಿಲಲ್ಲಿ ನಿಂತಿದ್ದಳು.

"ಅಮ್ಮ, ಒಂದ್ ಗಳಿಗಿ ಅದನ್ನ ಹೊರಗ್ ತೆಗಿ. ಅಕ್ಷರ ಕಂಡ್ಕಂಡ್ ಮತ್ತ್ ಕೂರ್ಸುವ," ಎಂದ ರತೀಶ.

"ಕಾವು ಮುರ್ದ್ರೆ ಅದ್ ಮತ್ತ್ ಕೂಕಂತಿಲ್ಲೆ. ನಿನ್ ಅಪ್ಪಯ್ಯನ ಹುಂಜದ್ದ್ ಕಡೀ ಮೊಟ್ಟಿ ಅದ್. ಮರಿ ಆಪಲ್ಲಿವರೆಗೆ ಯಾರೂ ಮುಟ್ಟುಕಿಲ್ಲೆ."

"ಒಂದ್ ಕೋಳಿ ಸಲುವಾಗಿ ನನ್ ಹೋಂಸ್ಟೇ ಮುಳುಗ್ಕಾ?"

"ನಿನ್ ಹೋಂಸ್ಟೇ ಮೊಟ್ಟಿ ಇಡತ್ತಾ?"

ರತೀಶ ಹಲ್ಲು ಕಚ್ಚಿದ. ಹೋಂಸ್ಟೇ ತೆರೆದ ಮೇಲೆ ಅಂಗಳದಲ್ಲಿ ಒಂದು ಕೋಳಿಯೂ ಇರಕೂಡದು ಎಂದು ಅವನು ಮೊದಲೇ ಅಪ್ಪಣೆ ಹೊರಡಿಸಿಯಾಗಿತ್ತು. ಅತಿಥಿಗಳ ಕಾಲಿಗೆ ಹಿಕ್ಕೆ ಮೆತ್ತುತ್ತದೆ, ಹುಂಜ ಅವರ ನಿದ್ರೆ ಕೆಡಿಸುತ್ತದೆ. ಅದನ್ನು ಈಗ ನೆನಪಿಸುವುದು ಕ್ಷೇಮವಿರಲಿಲ್ಲ.

ಅಕ್ಷರ ಸಿಕ್ಕಿದ್ದರೆ ಸಂಶೋಧನೆ ಅಂದೇ ಮುಗಿಯುತ್ತಿತ್ತು. ಸಿಗದ್ದರಿಂದ ಹುಲುಸಾಗಿ ಬೆಳೆಯಿತು. ರತೀಶನ ಹೆಂಡತಿ ಪ್ರೇಕ್ಷಾ ಫೋಟೊ ತೆಗೆದು ಫೋನನ್ನೇ ಕೇಳಿದಳು. ಎದುರಿನಿಂದ ತೆಗೆದ ಚಿತ್ರಕ್ಕೆ ಅದು 'ಅಂಚೆ ಪೆಟ್ಟಿಗೆ' ಎಂದಿತು, ಪಕ್ಕದಿಂದ ತೆಗೆದದ್ದಕ್ಕೆ 'ಕಾಣಿಕೆ ಹುಂಡಿ'. ಬಾಗಿಲು ತೆರೆದು ಹೇಂಟೆಯೂ ಕಾಣುವಂತೆ ತೆಗೆದದ್ದಕ್ಕೆ ಮಾತ್ರ ಯಾವ ಅನುಮಾನವೂ ಇಲ್ಲದೆ 'ಕೋಳಿಗೂಡು' ಎಂದು ತೀರ್ಪು ಕೊಟ್ಟಿತು.

ಭೋಜರಾಜರು ಬಳ್ಳಿಯನ್ನು ಹಿಡಿದು ಹೊರಟರು. ಅದು ಕಾಳುಮೆಣಸಿನ ಬಳ್ಳಿ. ಮೆಣಸು ಎಂದರೆ ಬಸ್ರೂರಿನ ಬಂದರು. ಬಸ್ರೂರು ಎಂದರೆ ಪೋರ್ಚುಗೀಸರು. ಪ್ರೇಕ್ಷಾ ಅದು ದ್ರಾಕ್ಷಿಯಂತೆ ಕಾಣುತ್ತದೆ ಎಂದಳು. ದ್ರಾಕ್ಷಿಯಾದರೆ ಮದ್ಯ, ಮದ್ಯವಾದರೂ ಪೋರ್ಚುಗೀಸರೇ ಎಂದರು ಭೋಜರಾಜರು.

"ಬಸಳಿ ಅಲ್ದಾ ಅದ್? ಹಣ್ಣೂ ಇತ್ತಲೆ," ಎಂದಳು ನಾಗು.

ಬಸಳೆಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಡಲು ಯಾರಿಗೂ ಮನಸ್ಸಾಗಲಿಲ್ಲ. ಆ ವಾದ ಅಲ್ಲಿಗೇ ಬಿತ್ತು. ವಾರದೊಳಗೆ ಹಟ್ಟಿಗೆ ಸುಣ್ಣ ಬಳಿದು ಗ್ರಾನೈಟಿನ ಫಲಕ ನಿಲ್ಲಿಸಲಾಯಿತು: 'ಪೋರ್ಚುಗೀಸ್ ಕಪ್ತಾನನ ಒಲೆ, ಹದಿನಾರನೆಯ ಶತಮಾನ.' ಕಪ್ತಾನನ ಹೆಸರಿಗೆ ಜಾಗ ಬಿಡಿಸಿದ್ದರು, ಸಂಶೋಧನೆ ಮುಂದುವರಿದಿದೆಯೆಂದು.

ಶರಣ್ಯಾ ಬರುವ ದಿನ ಬೆಳಿಗ್ಗೆ ಒಲೆಯೊಳಗಿಂದ ಕಿಚಿಕಿಚಿ ಕೇಳಿಸಿತು. ನಾಗು ಬಾಗಿಲು ತೆರೆದಳು. ಕೆಂಪು ಹೇಂಟೆ ಜಗತ್ತನ್ನೇ ಗೆದ್ದ ಗತ್ತಿನಲ್ಲಿ ಗೂಡಿನ ಅಂಚಿಗೆ ಬಂದು ನಿಂತಿತು. ಹಿಂದಿನಿಂದ ಮರಿಗಳು ಇಣುಕಿದವು. ಆಕೆ ಒಂದೊಂದನ್ನೇ ಸೆರಗಿಗೆ ಹಾಕಿಕೊಂಡಳು.

ಬಾಣಂತಿ ಕೋಣೆ ಖಾಲಿಯಾದದ್ದೇ ತಡ, ರತೀಶ ಟಾರ್ಚ್ ಹಿಡಿದು ತಲೆ ಒಳಗೆ ತೂರಿಸಿದ. ಹುಲ್ಲು ಎಳೆದು ಹಾಕಿ ಹಿಂಗೋಡೆಯ ಹಿಕ್ಕೆ ಕೆರೆದ. ಅಕ್ಷರಗಳಿದ್ದವು. ಆಮೇಲೆ ಬಹಳ ಹೊತ್ತು ಅವನ ತಲೆ ಹೊರಗೆ ಬರಲಿಲ್ಲ.

"ಲ್ಯಾಟಿನ್ನಾ?" ಶರಣ್ಯಾಳಿಗೆ ವಿವರಿಸಲೆಂದು ಬೆಳಿಗ್ಗೆಯೇ ಬಂದಿದ್ದ ಭೋಜರಾಜರು ಆಸೆಯಿಂದ ಕೇಳಿದರು.

"ಇಂಗ್ಲಿಷ್. ಮೋತಿಭಾಯ್ ಐರನ್ ವರ್ಕ್ಸ್, ಬೊಂಬಾಯಿ. ಮಿಲ್ ಕ್ಯಾಂಟೀನ್ ಮಾದರಿ. ಸಾವಿರದೊಂಬೈನೂರ ಐವತ್ತೆಂಟ್."

"ಬೊಂಬಾಯಿಯಾ? ಹಂಗಾರೆ ಮಾವ ತಂದದ್ದೇ ಸೈ," ಎಂದಳು ನಾಗು. "ಮಿಲ್ಲಿನ ಕ್ಯಾಂಟೀನಗೆ ಅಡುಗಿ ಮಾಡ್ಕಂಡ್ ಇದ್ದದ್ದಲ್ದಾ ಅವ್ರ್."

ಆಕೆಯ ಮಾವನ ಹೆಸರು ಕೊರಗ. ಅವನ ಮನೆಯೊಂದೇ ಅಲ್ಲ, ಈ ಕರಾವಳಿಯ ಅರ್ಧ ಮನೆಗಳು ಎದ್ದದ್ದೇ ಬೊಂಬಾಯಿಯ ಯಾವುದೋ ಕ್ಯಾಂಟೀನಿನ ಒಲೆಯ ಮುಂದೆ ಬೆವರಿದವರಿಂದ. ಆದರೆ ಅದಕ್ಕೆ ಹೆರಿಟೇಜ್ ದರ ಇಲ್ಲ.

"ಪೋರ್ಚುಗೀಸರು ಬೊಂಬಾಯಿಯಲ್ಲೂ ಇದ್ದರು," ಎಂದರು ಭೋಜರಾಜರು ಮೆಲ್ಲಗೆ.

"ಐವತ್ತೆಂಟ್ರಗಾ?" ಎಂದ ರತೀಶ.

"ಗೋವಾದಲ್ಲಿ ಇದ್ದರಲ್ಲ."

ಅಷ್ಟರಲ್ಲಿ ಫೋನು ಬಂತು. ಶರಣ್ಯಾ ಮರವಂತೆ ದಾಟಿದ್ದಳು. ಒಲೆಯೊಳಗೆ ಏನಾದರೂ ಗುರುತು ಇದ್ದರೆ ಫೋಟೊ ಬೇಕು ಎಂದಳು.

ರತೀಶ ತಾಯಿಯ ಕಡೆ ತಿರುಗಿದ. "ಅಮ್ಮ, ಆ ಹೇಂಟೆನ ಮತ್ತ್ ಒಳಗ್ ಕೂರ್ಸ್."

"ಮರಿ ಬಿಟ್ಕಂಡ್ ಅದ್ ಹೋತ್ತಾ?"

"ಬೇರೆ ಯಾವ್ದೂ ಇಲ್ಯಾ? ನಿನ್ ದಮ್ಮಯ್ಯ!"

ಇತ್ತು. ಕಪ್ಪು ಹೇಂಟೆಯೊಂದು ಕಾವಿನ ಹುಚ್ಚು ಹಿಡಿದು ಕಂಡಕಂಡಲ್ಲಿ ಕೂರುತ್ತಿತ್ತು. ಹುಚ್ಚು ಬಿಡಿಸಲೆಂದು ನಾಗು ಎರಡು ದಿನದಿಂದ ಅದನ್ನು ಬಾವಿಕಟ್ಟೆಯಲ್ಲಿ ತಣ್ಣೀರಿಗೆ ಅದ್ದುತ್ತಿದ್ದಳು. ಈಗ ಆಕೆ ಅವಸರ ಮಾಡಲಿಲ್ಲ.

"ಕೂರ್ಸ್ತೆ. ಆರೆ ಕೋಳಿ ಅಂಗಳದಗೇ ಇರ್ತೊ."

"ಇರ್ಲಿ."

"ಈ ಮರಿಗಳಗೆ ಹುಂಜ ಇರತ್ತ್. ಬೆಳ್ದ್ ಮೇಲ್ ಕೂಗತ್ತ್."

"ಕೂಗ್ಲಿ!"

"ಗೆಸ್ಟ್ ಎಚ್ರ ಆದ್ರೆ?"

"ಹೆರಿಟೇಜ್ ಅಲಾರಂ ಅಂದ್ರಾಯ್ತ್! ಬೇಗ ಕೂರ್ಸ್ ಮಾರಾಯ್ತಿ!"

ನಾಗು ಅಡುಗೆಮನೆಗೆ ಹೋಗಿ ಬಂದಳು. ಸೆರಗಿನಲ್ಲಿ ಏನೋ ಇತ್ತು. ಶರಣ್ಯಾಳ ಕಾರು ಅಂಗಳಕ್ಕೆ ಬರುವಾಗ ಕಪ್ಪು ಹೇಂಟೆ ಒಳಗೆ ರೆಕ್ಕೆ ಅಗಲಿಸಿ ಕೂತಾಗಿತ್ತು.

ಶರಣ್ಯಾ ಫಲಕ ಓದಿದಳು, ಬಳ್ಳಿಯ ಮೇಲೆ ಬೆರಳಾಡಿಸಿದಳು, ಗುರುತು ನೋಡಲು ಬಾಗಿದಳು. ಹೇಂಟೆ ಅವಳ ಫೋನನ್ನೇ ಕುಟುಕಿತು. ಅವಳು ಹೆದರುವ ಬದಲು ಚಪ್ಪಾಳೆ ತಟ್ಟಿದಳು.

"ನಾನೂರು ವರ್ಷದ ಒಲೆಯಲ್ಲಿ ಇವತ್ತಿಗೂ ಜೀವ ಹುಟ್ಟುತ್ತಿದೆ! ಇದಲ್ಲವಾ ಜೀವಂತ ಪರಂಪರೆ?"

"ಪೋರ್ಚುಗೀಸರೂ ಇದನ್ನು ಮೊಟ್ಟೆಗೆ ಕಾವು ಕೊಡಲು ಬಳಸಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ," ಎಂದರು ಭೋಜರಾಜರು. ಕುಟುಕಿಸಿಕೊಂಡ ಅವರ ಬೆರಳಿಗೆ ಇನ್ನೂ ಬ್ಯಾಂಡೇಜು ಇತ್ತು.

ಹೆರಿಟೇಜ್ ದರ ಅಲ್ಲೇ ಮಂಜೂರಾಯಿತು. ಕಾರು ಹತ್ತುವಾಗ ಶರಣ್ಯಾ ತಿರುಗಿದಳು. "ಮರಿ ಆದ ಮೇಲೆ ಒಂದು ಸಲ ಬಂದು ಆ ಗುರುತಿನ ಫೋಟೊ ತೆಗೀತೇನೆ."

"ಬನ್ನಿ ಮಗಾ. ಹೇಂಟಿ ಎದ್ದ್ ಕೂಡ್ಲೆ ಫೋನ್ ಮಾಡ್ಸ್ತೆ," ಎಂದಳು ನಾಗು.

ಕಾರು ಮರೆಯಾಯಿತು. ರತೀಶ ಒಲೆಗೆ ಒರಗಿ ಕುಸಿದು ಕೂತ. "ಇನ್ನೆಷ್ಟ್ ದಿನಕ್ ಏಳತ್ತ್ ಅಮ್ಮ ಅದ್?"

ನಾಗು ಅಂಗಳದ ನಡುವೆ ಕೂತು ಮರಿಗಳಿಗೆ ನುಚ್ಚು ಚೆಲ್ಲುತ್ತಿದ್ದಳು. ಕೆಂಪು ಹೇಂಟೆ ಫಲಕದ ಬುಡ ಕೆರೆದು ಮರಿಗಳನ್ನು ಕರೆಯುತ್ತಿತ್ತು.

"ಹೆದ್ರಬೇಡ. ಅಡಿಗ್ ಇಟ್ಟದ್ದ್ ಪ್ರೇಕ್ಷಾ ಅಂಗ್ಡಿಯಿಂದ ತಂದ ಬಿಳಿ ಮೊಟ್ಟಿ. ಅದ್ರಗೆ ಮರಿ ಆಪುದೇ ಇಲ್ಲೆ. ಆರೆ ಅದ್ಕ್ ಎಂತ ಗೊತ್ತಾತ್ತ್? ಕೂಕಂಡೇ ಇರತ್ತ್."