ದೋಣಿಯ ಎಡಮೈಯ ಹೆಸರು

ರೆಂಬಾಂಗ್ ಕಡಲ ದಂಡೆಯಲ್ಲಿ ಮೀನುದೋಣಿಗಳಿಗೆ ಹೆಸರು ಬರೆಯುವ ಕೆಲಸ ನಲವತ್ತು ವರ್ಷಗಳಿಂದ ತರ್ಮುಜಿಯದು. ಅವನ ಅಕ್ಷರಗಳು ದಪ್ಪ, ಮೈತುಂಬಿದವು. ಅಲೆಗಳ ಆಚೆಯಿಂದಲೂ ಓದಲು ಬರಬೇಕಲ್ಲ. ಜೊತೆಗೆ ಒಂದಿಷ್ಟು ಓರೆ. ಅಕ್ಷರ ನೆಟ್ಟಗೆ ನಿಂತರೆ ದೋಣಿಯೂ ನಿಂತೀತು, ಮುಂದಕ್ಕೆ ವಾಲಿದರೆ ಹೊರಟೀತು ಎಂದು ಅವನಿಗೆ ಕುಂಚ ಹಿಡಿಸಿದ ಮಾವ ಹೇಳುತ್ತಿದ್ದ.

ಈಚೆಗೆ ಕೈ ನಡುಗುತ್ತಿತ್ತು. ದಂಡೆಯವರೆಲ್ಲ ಗೌರವದಿಂದ ‘ಬೂ’, ಅಂದರೆ ಅಮ್ಮ, ಎಂದು ಕರೆಯುವ ಕಸ್ಮಿರಾ ಎರಡು ವರ್ಷ ಕಾದು ಕಟ್ಟಿಸಿದ ಹೊಸ ದೋಣಿಗೆ ‘ತಿರ್ತಾ ಉತಾಮಾ’ ಎಂದು ರೋಮನ್ ಲಿಪಿಯಲ್ಲಿ ಬರೆಯಬೇಕಾಗಿ ಬಂದಾಗ, ತರ್ಮುಜಿ ಯಾರಿಗೂ ಹೇಳದೆ ಪೇಟೆಗೆ ಹೋಗಿ ಒಂದೊಂದು ಅಕ್ಷರವನ್ನೂ ರಟ್ಟಿನಲ್ಲಿ ಕೊರೆಸಿ ತಂದ. ರಟ್ಟು ಒತ್ತಿ ಹಿಡಿದು ಬಣ್ಣ ತುಂಬಿದರಾಯಿತು.

ದೋಣಿ ನೀರಿಗಿಳಿಯುವ ದಿನ ಬೆಳಗಿನ ನಮಾಜು ಮುಗಿಸಿ ಬಂದವನೇ ಎಡಮೈಯ ಹೆಸರನ್ನೂ ಮುಗಿಸಿದ. ಕಸ್ಮಿರಾ ಬಂದು ದೂರದಲ್ಲೇ ನಿಂತುಬಿಟ್ಟಳು.

“ಕಾಂಗ್ ತರ್ಮುಜಿ,” ಅಣ್ಣನನ್ನು ಕರೆಯುವ ಹಾಗೆ ಕರೆದಳು. “ಇಲ್ಲಿ ಬಂದು ನೋಡಿ. ನನ್ನ ದೋಣಿ ಯಾಕೋ ಹಿಂದಕ್ಕೆ ಹೋಗ್ತಿದೆ.”

ಹೋಗಿ ನೋಡಿದ. ಬಲಮೈಯಲ್ಲಿ ಅಕ್ಷರಗಳು ದೋಣಿಯ ಮೂತಿಯ ಕಡೆ ವಾಲಿದ್ದವು. ಎಡಮೈಯಲ್ಲಿ ಮೂತಿ ಇರುವುದು ನೋಡುವವರ ಎಡಕ್ಕೆ, ಹೆಸರು ಶುರುವಾಗುವ ಕಡೆ. ಅದೇ ರಟ್ಟು ಅಲ್ಲಿ ಎಲ್ಲವನ್ನೂ ಹಿಂಬದಿಗೆ ವಾಲಿಸಿತ್ತು. ಕೈಯಿಂದ ಬರೆಯುವಾಗ ನಲವತ್ತು ವರ್ಷ ಇದು ತಾನಾಗಿ ಸರಿಹೋಗುತ್ತಿತ್ತು.

“ಯಾರೋ ಬಾಲ ಹಿಡ್ಕೊಂಡು ಎಳೆದ ಹಾಗಿದೆ,” ಎಂದಳು. “ಹಂಚೋಕೆ ಅರಿಶಿನದ ಅನ್ನ ಒಲೆ ಮೇಲಿದೆ, ಮಧ್ಯಾಹ್ನ ನೀರು ಏರುತ್ತೆ. ಆಗಲ್ಲ ಅಂದ್ರೆ ಹೇಳಿ, ಸ್ಟಿಕ್ಕರ್ ಅಂಗಡಿಯವರನ್ನ ಕರೆಸ್ತೀನಿ. ಬೇಜಾರಿಲ್ಲ.”

ಸ್ಟಿಕ್ಕರ್‌ನವರು ಒಮ್ಮೆ ಈ ದಂಡೆಗೆ ಕಾಲಿಟ್ಟರೆ ತನ್ನನ್ನು ಮತ್ತೆ ಯಾರೂ ಕರೆಯರು ಎಂದು ತರ್ಮುಜಿಗೆ ಗೊತ್ತಿತ್ತು.

“ಅನ್ನ ಆಗೋ ಹೊತ್ತಿಗೆ ಹೆಸರೂ ಆಗಿರುತ್ತೆ, ಬೂ.”

ಸೀಮೆಎಣ್ಣೆಯ ಬಟ್ಟೆಯಿಂದ ಹಸಿ ಬಣ್ಣ ಒರೆಸಿದ. ನೆರಳಿನಲ್ಲಿ ಕೂತು ರಟ್ಟುಗಳನ್ನು ತಿರುವಿ ಹಾಕುತ್ತಿದ್ದಾಗ ಒಂದು ಮಗುಚಿ ಬಿತ್ತು. ಟಿ ಅಕ್ಷರ. ಮಗುಚಿದರೂ ಅದು ಟಿಯೇ. ಓರೆ ಮಾತ್ರ ಅತ್ತಲಿಂದ ಇತ್ತ. ಐ ಹಾಗೆಯೇ. ಎ, ಯು, ಎಂ ಕೂಡ. ತಾನು ಕೇಳುವ ಮೊದಲೇ ಯಾರೋ ಕೊಟ್ಟಿಟ್ಟಂತಿತ್ತು. ರಟ್ಟುಗಳನ್ನೆಲ್ಲ ಮಗುಚಿ ಹಿಡಿದು ಎಡಮೈಯ ಬಳಿಗೆ ಹೋದ.

ಹತ್ತರಲ್ಲಿ ಒಂಬತ್ತು ಅಕ್ಷರಗಳು ಸಲೀಸಾಗಿ ಕೂತವು. ಆರ್ ಮಾತ್ರ ಮಗುಚಿದರೆ ಕನ್ನಡಿಯೊಳಗಿನ ಅಕ್ಷರವಾಗುತ್ತಿತ್ತು. ಅದಕ್ಕೆ ಕೈಯೇ ಬೇಕು. ತರ್ಮುಜಿ ಬಲ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು, ಬಿಸ್ಮಿಲ್ಲಾ ಎಂದು, ಉಸಿರು ಬಿಡುವ ಹೊತ್ತಿಗೊಂದು ಗೆರೆಯಂತೆ ಎಳೆದ.

ಕಸ್ಮಿರಾ ಬಂದಳು. ಬಹಳ ಹೊತ್ತು ನೋಡಿದಳು.

“ಈ ಒಂದಕ್ಕೆ ಮಾತ್ರ ಹೊಟ್ಟೆ ಬಂದಿದೆಯಲ್ಲ?”

“ಉಳಿದವು ಪೇಟೆಯವು, ಬೂ,” ತರ್ಮುಜಿ ಮುಚ್ಚಿಡಲಿಲ್ಲ. “ಕೈ ನಡುಗುತ್ತೆ ಅಂತ ರಟ್ಟು ಕೊರೆಸಿದ್ದೆ. ಇದೊಂದು ಮನೇಲಿ ಉಂಡದ್ದು.”

ಅವಳು ನಕ್ಕಳು. “ನಮ್ಮ ಅಣ್ಣನ ದೋಣಿ ಮುಂದಿನ ತಿಂಗಳು. ಅವನಿಗೂ ಹೇಳ್ತೀನಿ, ಮನೇಲಿ ಉಂಡದ್ದೇ ಬರೆಸ್ಕೋ ಅಂತ. ನಿಧಾನ ಆದ್ರೂ ಆಗ್ಲಿ.”

ಮಧ್ಯಾಹ್ನ ನೀರು ಏರಿತು. ಅರಿಶಿನದ ಅನ್ನ ಹಂಚಿ, ದುವಾ ಮುಗಿಸಿ, ದೋಣಿ ತಳ್ಳಿದರು. ಅದು ತಿರುಗಿದಾಗ ಎಡಮೈ ದಂಡೆಯ ಕಡೆಗೆ ಬಂತು. ಅಕ್ಷರಗಳೆಲ್ಲ ಬಾಂಗು ಕೇಳಿ ಹೊರಟವರ ಹಾಗೆ ಮುಂದಕ್ಕೆ ಬಾಗಿದ್ದವು. ನಡುವೆ ಒಬ್ಬ ಹೊಟ್ಟೆಯವನೂ ಹಿಂದೆ ಬೀಳದೆ ಹೋಗುತ್ತಿದ್ದ. ತರ್ಮುಜಿ ಬೆರಳಿಗಂಟಿದ್ದ ಹಳದಿ ಬಣ್ಣವನ್ನು ಒರೆಸಿಕೊಂಡು, ಬಾಳೆಲೆಯಲ್ಲಿದ್ದ ತನ್ನ ಪಾಲಿನ ಅನ್ನಕ್ಕೆ ಕೈಯಿಟ್ಟ.