ಮೊಣಕಾಲ ಮೇಲಿನ ಫ್ರಾಕು

ಒಲೆಯ ಮೇಲೆ ಗುಳಿಯಪ್ಪ ಬೇಯುತ್ತಿದ್ದಾಗ ಮಗಳು ಆಶುರಾ ಓಡಿಬಂದು, ತಾನು ಟಾಂಜಾನಿಯಾ ಸುಂದರಿ ಸ್ಪರ್ಧೆಯ ಕೊನೆಯ ಸುತ್ತಿಗೆ ಆಯ್ಕೆಯಾದೆನೆಂದು ಹೇಳಿದಳು. ಮಗೋಮೇನಿ ಬಡಾವಣೆಯ ನಮ್ಮ ಓಣಿಯ ಹೆಂಗಸರೆಲ್ಲ ಸಂಭ್ರಮಕ್ಕೆ ನಾಲಿಗೆ ಹೊರಳಿಸಿ ಕೂಗು ಹಾಕಿದರು. ನಾನು ಮಾತ್ರ ಒಲೆಯ ಕಡೆ ತಿರುಗಿ ಗುಳಿಯಪ್ಪ ಮಗುಚಿದೆ.

"ಇದನ್ನ ಹಾಕ್ಕೊಂಡು ನಡೀಬೇಕಮ್ಮ," ಎಂದು ಅವಳು ಫ್ರಾಕೊಂದನ್ನು ಎತ್ತಿ ಹಿಡಿದಳು. ಮೊಣಕಾಲಿಗಿಂತ ಒಂದು ಗೇಣು ಮೇಲಿತ್ತು.

"ಮಿಕ್ಕ ಬಟ್ಟೆ ಎಲ್ಲೇ? ಟೈಲರ್ ತನ್ನ ಹೆಂಡ್ತಿಗೆ ಇಟ್ಕೊಂಡ್ನಾ?"

"ಅಮ್ಮಾ, ಇದು ತೊಂಬತ್ನಾಲ್ಕನೇ ಇಸವಿ. ನಿನ್ನ ಕಾಲ ಅಲ್ಲ."

"ಅವಳ ಕಾಲದಲ್ಲಿ ಅವಳ ಫ್ರಾಕು ಇನ್ನೂ ಗಿಡ್ಡ ಇತ್ತು ಕಣೇ," ಎಂದು ಪಕ್ಕದ ಮನೆಯ ಕಿದಾವಾ ಅಕ್ಕ ನಕ್ಕಳು. ಆ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ.

ಹೌದು, ಅರವತ್ತೇಳರಲ್ಲಿ ಇಂಥದೇ ಸ್ಪರ್ಧೆಯಲ್ಲಿ ನಾನೂ ನಿಂತಿದ್ದೆ. ಕಿರೀಟ ಸಿಗಲಿಲ್ಲ, ಒಂದು ಗಿಡ್ಡ ಫ್ರಾಕು ಉಳಿಯಿತು. ಆಮೇಲೆ ಇಂಥವೆಲ್ಲ ನಮ್ಮ ಸಂಸ್ಕೃತಿಯಲ್ಲವೆಂದು ಸರ್ಕಾರದವರು ಸ್ಪರ್ಧೆಯನ್ನೇ ನಿಲ್ಲಿಸಿದರು. ಮುಂದೊಂದು ದಿನ ಅದೇ ಫ್ರಾಕು ತೊಟ್ಟು ಕರಿಯಾಕೋ ಸಂತೆಯ ಬಳಿ ಬಸ್ಸಿನಲ್ಲಿ ಕೂತಿದ್ದೆ. ಹುಡುಗರ ಗುಂಪೊಂದು ಹತ್ತಿತು. ದೇಶದ ಮಾನ ಕಳೆಯುವವಳೆಂದು ಬೈದು, ತೋಳು ಹಿಡಿದು ಕೆಳಗಿಳಿಸಿ, ಮೈಮೇಲಿದ್ದುದನ್ನು ಹರಿದರು. ಸಂತೆಗೆ ಬಂದವರು ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಅವರಲ್ಲಿ ನನ್ನ ತಾಯಿಯ ವಯಸ್ಸಿನ ಹೆಂಗಸರೂ ಇದ್ದರು. ಈರುಳ್ಳಿ ಮಾರುವವನೊಬ್ಬ ಎಸೆದ ಗೋಣಿಚೀಲ ಸುತ್ತಿಕೊಂಡು ಮನೆ ಸೇರಿದೆ. ಅಂದಿನಿಂದ ತಲೆಗೊಂದು, ಸೊಂಟಕ್ಕೊಂದು ಖಾಂಗಾ ಬಟ್ಟೆ ಸುತ್ತದೆ ನಾನು ಹೊಸಿಲು ದಾಟಿದವಳಲ್ಲ. ಮಗಳಿಗೆ ಇದನ್ನು ಹೇಳಲು ನನಗೆ ಬಾಯೇ ಬರಲಿಲ್ಲ.

"ಬೇಡ," ಎಂದೆ.

"ಯಾಕೆ ಬೇಡ? ಒಂದು ಕಾರಣ ಹೇಳು."

"ಕಾಲಿಗೆ ಥಂಡಿ ಹಿಡಿಯತ್ತೆ."

"ದಾರ್ ಎಸ್ ಸಲಾಮಲ್ಲಿ ಥಂಡೀನಾ?" ಅವಳು ನಕ್ಕು ನಕ್ಕು ಸಾಕಾದಳು. ಅವಳಿಗೆ ಈ ಕಿರೀಟ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ನಾನೂ ಒಮ್ಮೆ ಹಾಗೇ ಆಸೆಪಟ್ಟವಳು; ಮತ್ತೆ ತಡೆಯಲಿಲ್ಲ.

ಸ್ಪರ್ಧೆಯ ಸಂಜೆ ಓಣಿಗೆ ಓಣಿಯೇ ಹೊರಟಿತು. ಸಭಾಂಗಣದಲ್ಲಿ ಎಲ್ಲರೂ ದೀಪ, ಹೂವು ನೋಡಿದರೆ ನಾನು ಬಾಗಿಲು ಎಲ್ಲೆಲ್ಲಿದೆಯೆಂದು ನೋಡಿದೆ. ಹಿಂದಿನ ಸಾಲಿನಲ್ಲಿ ಹುಡುಗರು ಗುಂಪಾಗಿ ನಿಂತಿದ್ದರು. ವೇದಿಕೆಯ ಪಕ್ಕದಲ್ಲೇ ಜಾಗ ಹಿಡಿದು ಕೂತೆ.

ಆಶುರಾ ಬಂದಳು. ದೇವರೇ, ಎಷ್ಟು ಚೆಂದ ಇದ್ದಳು! ಹಿಂದಿನಿಂದ ಸಿಳ್ಳೆ ಬಂತು, ಆಮೇಲೆ ಚಪ್ಪಾಳೆ. ಕಿದಾವಾ ಅಕ್ಕ ಏನೋ ಕೂಗುತ್ತ ಎದ್ದಳು. ಅವಳ ಹಿಂದೆ ಹತ್ತಾರು ಹೆಂಗಸರು ವೇದಿಕೆಗೆ ನುಗ್ಗಿದರು, ಕೈ ಚಾಚಿಕೊಂಡು, ನನ್ನ ಮಗಳ ಕಾಲಿನ ಕಡೆಗೆ.

ಯಾವಾಗ ಎದ್ದೆನೋ, ಹೇಗೆ ಮೇಲೆ ಹತ್ತಿದೆನೋ ತಿಳಿಯದು. ತಲೆಯ ಖಾಂಗಾ ಕಿತ್ತು ಆಶುರಾಳ ಸೊಂಟಕ್ಕೆ ಸುತ್ತಿ, ಅವಳನ್ನು ತಬ್ಬಿ ಕಿರುಚಿದೆ: "ಮುಟ್ಟಬೇಡಿ! ಹರೀಬೇಡಿ! ನನ್ನ ಮಗಳು ಇವಳು!"

ಹೆಂಗಸರು ಇದ್ದಲ್ಲೇ ನಿಂತರು. ಅವರ ಕೈಯಲ್ಲಿದ್ದುದು ಅವರವರ ಖಾಂಗಾ. ನಮ್ಮಲ್ಲಿ ಮದುಮಗಳು ನಡೆದು ಬರಲೆಂದು ಕಾಲಡಿ ಹಾಸುವಂತೆ ಹಾಸಲು ಬಂದಿದ್ದರು. ನಾನೇ ಎಷ್ಟು ಮದುವೆಗಳಲ್ಲಿ ಹಾಸಿಲ್ಲ!

"ಅಮ್ಮಾ," ಆಶುರಾ ನನ್ನ ಮುಖ ನೋಡಿದಳು. ಅವಳ ಮುಖಕ್ಕೇರಿದ್ದ ಸಿಟ್ಟು ನನ್ನ ಕಣ್ಣೆದುರೇ ಇಳಿಯಿತು. "ನಿನಗೆ ಯಾರು ಏನು ಮಾಡಿದ್ರು?"

ನಾನು ಅವಳ ಸೊಂಟದ ಖಾಂಗಾವನ್ನು ಇನ್ನೂ ಬಿಗಿದು ಸುತ್ತಿದೆ.

ನಿರೂಪಕ ಹತ್ತಿರ ಬಂದ. "ಅಮ್ಮಾವ್ರೇ, ಕೆಳಗಿಳೀರಿ. ಇಲ್ಲಾಂದ್ರೆ ಈ ಹುಡುಗಿ ಸ್ಪರ್ಧೆಯಿಂದ ಹೊರಗೆ."

"ಹೋಗ್ಲಿ ಬಿಡಿ," ಎಂದಳು ಆಶುರಾ. "ಬಾಮ್ಮ, ಮನೆಗೆ ಹೋಗೋಣ."

ನಾನು ಆಗಲೇ ಅವಳ ತೋಳು ಹಿಡಿದು ಮೆಟ್ಟಿಲ ಕಡೆ ಎಳೆಯುತ್ತಿದ್ದೆ. ಎಳೆಯುತ್ತಿದ್ದ ನನ್ನ ಕೈಯನ್ನು ಕಂಡೆ. ಅಂದು ನನ್ನನ್ನು ಬಸ್ಸಿನಿಂದ ಇಳಿಸಿದವರು ಪರರು. ಇವಳನ್ನು ಇಳಿಸುತ್ತಿರುವವಳು ಹೆತ್ತ ತಾಯಿ.

ಕೈ ಬಿಡುವುದು ಬಹಳ ಕಷ್ಟವಾಯಿತು. ಬೆರಳು ಒಂದೊಂದಾಗಿ ಬಿಡಿಸಿಕೊಂಡೆ. ಅವಳ ಸೊಂಟದ ಖಾಂಗಾ ಬಿಚ್ಚಿ, ಅವಳ ಕಾಲಡಿ ನಾನೇ ಹಾಸಿದೆ.

"ನಡಿ," ಎಂದೆ.

"ನೀನು?"

"ಇಲ್ಲೇ ಕೆಳಗಿರ್ತೀನಿ. ನಡಿಯೇ, ಬಟ್ಟೆ ಮಣ್ಣಾಗತ್ತೆ."

ಇಳಿದು ವೇದಿಕೆಯ ಅಂಚಿಗೆ ಬೆನ್ನುಕೊಟ್ಟು ನಿಂತೆ. ನನ್ನ ಹೆದರಿಕೆ ಒಂದು ಚೂರೂ ಇಳಿದಿರಲಿಲ್ಲ. ಅವಳು ಹೇಗೆ ನಡೆದಳೆಂದು ಎಲ್ಲರೂ ಇವತ್ತಿಗೂ ಹೇಳುತ್ತಾರೆ. ನಾನು ನೋಡಲಿಲ್ಲ. ಬರಿದಲೆಯಲ್ಲಿ ನಿಂತು, ಅವಳು ನಡೆದು ಮುಗಿಸುವವರೆಗೂ ಜನರ ಕೈಗಳನ್ನೇ ನೋಡುತ್ತಿದ್ದೆ.